ನಂಬಿದುದನ್ನು ಅಗೆದು ನೋಡಿದವನು

ಮಾರ್ಮನ್ ಮತವೆಂದರೇನು, ಅದರಲ್ಲಿಯೇ ಹುಟ್ಟಿ ಬೆಳೆದವರಲ್ಲಿ ಕೆಲವರು ನಡುವಯಸ್ಸಿನಲ್ಲಿ ಅದರ ವಿಷಯವಾಗಿ ಮನಸ್ಸು ಮುರಿದುಕೊಳ್ಳುವುದೇಕೆ, ಎಂದು ಬೆಂಗಳೂರಿನ ವಾಚಕರೊಬ್ಬರು ನಮಗೆ ಬರೆದು ಕೇಳಿರುವರು. ಕೇಳುವುದಕ್ಕೆ ಕಾರಣವಿಲ್ಲದೆ ಇಲ್ಲ. ಈ ಮತದವರು ೧೯೯೩ರಲ್ಲಿ ಬೆಂಗಳೂರನ್ನು ತಮ್ಮ ಪ್ರಚಾರಕಾರ್ಯದ ಕೇಂದ್ರಗಳಲ್ಲೊಂದನ್ನಾಗಿ ಮಾಡಿಕೊಂಡರು. ೨೦೧೮ರಲ್ಲಿ ಆ ನಗರದಲ್ಲಿ ತಮ್ಮ ದೇವಾಲಯವನ್ನು ಕಟ್ಟಿಸುವೆವೆಂದು ಸಾರಿ, ೨೦೨೦ರ ಡಿಸೆಂಬರಿನಲ್ಲಿ ಅದಕ್ಕಾಗಿ ನೆಲವನ್ನಗೆಯುವ ವಿಧಿಯನ್ನು ನೆರವೇರಿಸಿದರು. ಆದಕಾರಣ ಇದು ಕೇವಲ ಸಪ್ತಸಮುದ್ರಗಳಾಚೆಯ ಸುದ್ದಿಯಲ್ಲ. ಆದರೂ ವಾಚಕರ ಪ್ರಶ್ನೆಯ ಎರಡನೆಯ ಭಾಗಕ್ಕೆ ಉತ್ತರವನ್ನು ಹುಡುಕಬೇಕಾದುದು ಅಮೆರಿಕಾ ದೇಶದಲ್ಲಿ, ಅದರಲ್ಲಿಯೂ ಒಬ್ಬ ವಕೀಲನ ಚರಿತ್ರೆಯಲ್ಲಿ. ಅವನ ಕಥೆಗೆ ಬರುವ ಮುನ್ನ ಮತದ ಹುಟ್ಟನ್ನು ಸಂಕ್ಷೇಪವಾಗಿ ಹೇಳಬೇಕಾಗಿದೆ.

ಜೋಸೆಫ್ ಸ್ಮಿತ್ ಎಂಬವನು ೧೮೦೫ರಲ್ಲಿ ವರ್ಮಾಂಟ್ ಸಂಸ್ಥಾನದ ಬಡ ಬೇಸಾಯಗಾರನೊಬ್ಬನ ಮನೆಯಲ್ಲಿ ಹುಟ್ಟಿ, ನ್ಯೂಯಾರ್ಕ್ ಸಂಸ್ಥಾನದ ಪಾಲ್ಮೈರಾ ಎಂಬ ಊರಿನ ಬಳಿ ಬೆಳೆದನು. ದೇವದೂತನೊಬ್ಬನು ಗುಡ್ಡವೊಂದರಲ್ಲಿ ಹೂತಿದ್ದ ಚಿನ್ನದ ತಗಡುಗಳನ್ನು ತನಗೆ ತೋರಿಸಿಕೊಟ್ಟನೆಂದೂ, ಅವುಗಳ ಮೇಲೆ ಈಜಿಪ್ಟಿನ ಲಿಪಿಯ ಮಾರ್ಪಾಟಾದ ಒಂದು ಲಿಪಿಯಲ್ಲಿ ಕೆತ್ತಿದ್ದುದನ್ನು ತಾನು ದೈವಬಲದಿಂದ ಇಂಗ್ಲಿಷಿಗೆ ತಿರುಗಿಸಿದೆನೆಂದೂ ಹೇಳಿ, ೧೮೩೦ರಲ್ಲಿ ‘ಮಾರ್ಮನ್ನನ ಗ್ರಂಥ’ವನ್ನು ಅಚ್ಚುಹಾಕಿಸಿದನು. ತಗಡುಗಳನ್ನು ದೇವದೂತನು ಹಿಂದಕ್ಕೆ ತೆಗೆದುಕೊಂಡು ಹೋದನಂತೆ. ಕ್ರಿಸ್ತನಿಗೆ ಆರುನೂರು ವರ್ಷಗಳ ಹಿಂದೆ ಜೆರೂಸಲೇಮಿನಿಂದ ಹೊರಟ ಒಂದು ಕುಟುಂಬವು ಹಡಗಿನಲ್ಲಿ ಅಮೆರಿಕಾ ಖಂಡವನ್ನು ಸೇರಿತು. ಅವರ ಸಂತತಿಯು ಎರಡು ಕುಲಗಳಾಗಿ ಒಡೆದು ಶತಮಾನಗಳ ಕಾಲ ಕಾದಾಡಿತು. ಮರಣವನ್ನು ಗೆದ್ದೆದ್ದ ಕ್ರಿಸ್ತನು ಅಲ್ಲಿಗೂ ಬಂದು ಬೋಧಿಸಿದನು. ಕಡೆಗೆ ನೀಫೈಯ ಕುಲವು ಯುದ್ಧದಲ್ಲಿ ನಿರ್ನಾಮವಾಯಿತು. ಇದು ಗ್ರಂಥದ ಕಥಾಶರೀರ. ಸ್ಮಿತ್ತನನ್ನು ೧೮೪೪ರಲ್ಲಿ ಇಲಿನಾಯ್ ಸಂಸ್ಥಾನದ ಕಾರ್ಥೇಜ್ ಸೆರೆಮನೆಯಲ್ಲಿ ಜನರ ಗುಂಪೊಂದು ನುಗ್ಗಿ ಕೊಂದಿತು. ಶಿಷ್ಯರಲ್ಲಿ ಬಹುಮಂದಿ ಬ್ರಿಗಮ್ ಯಂಗ್ ಎಂಬವನ ಹಿಂದೆ ನಡೆದು, ೧೮೪೭ರಲ್ಲಿ ಉಪ್ಪುಸರೋವರದ ತೀರದ ಮರುಭೂಮಿಯಲ್ಲಿ ನೆಲಸಿ, ಕಾಲುವೆ ತೋಡಿ ಅದನ್ನು ಊರಾಗಿ ಮಾಡಿದರು. ಈಗ ತಮ್ಮ ಸಂಖ್ಯೆಯು ಜಗತ್ತಿನಲ್ಲಿ ಒಂದು ಕೋಟಿ ಎಪ್ಪತ್ತು ಲಕ್ಷಕ್ಕೆ ಮೇಲೆಂದು ಹೇಳಿಕೊಳ್ಳುತ್ತಾರೆ.

ಈ ಜನರ ನಡತೆಯಲ್ಲಿ ಗೃಹಸ್ಥರು ಮೆಚ್ಚತಕ್ಕುದು ಬಹಳವಿದೆ. ಮದ್ಯವಿಲ್ಲ, ಹೊಗೆಸೊಪ್ಪಿಲ್ಲ. ವಾರಕ್ಕೊಂದು ಸಂಜೆಯನ್ನು, ಸಾಮಾನ್ಯವಾಗಿ ಸೋಮವಾರದ ಸಂಜೆಯನ್ನು, ಮನೆಮಂದಿಯೆಲ್ಲ ಒಟ್ಟಿಗೆ ಕುಳಿತು ಕಳೆಯುತ್ತಾರೆ. ಆದಾಯದಲ್ಲಿ ಹತ್ತರಲ್ಲೊಂದು ಪಾಲನ್ನು ಮತಕ್ಕೆ ಒಪ್ಪಿಸುತ್ತಾರೆ. ಕಷ್ಟಕ್ಕೆ ಸಿಕ್ಕಿದ ನೆರೆಯವನ ಬಾಗಿಲಿಗೆ ಅಡುಗೆಯ ಪಾತ್ರೆಯೊಡನೆ ಮೊದಲು ಬರುವವರು ಇವರೆಂದು ಇವರನ್ನು ಬಿಟ್ಟು ಹೋದವರೂ ಹೇಳುವುದುಂಟು. ಚಹವೂ ಕಾಫಿಯೂ ನಿಷಿದ್ಧ. ಆದಕಾರಣ ನಮ್ಮ ಸೀಮೆಯಲ್ಲಿ ಈ ಮತವು ಬೇಗ ಹಬ್ಬೀತೆಂಬ ಭಯವನ್ನು ಯಾರೂ ಇಟ್ಟುಕೊಳ್ಳಬೇಕಾದುದಿಲ್ಲ. ಮೊದಲಿನ ಬಹುಪತ್ನೀತ್ವವನ್ನು ೧೮೯೦ರ ಪ್ರಕಟಣೆಯಿಂದ ಕೈಬಿಡತೊಡಗಿದರು; ಆಫ್ರಿಕಾ ಮೂಲದ ಗಂಡಸರಿಗೆ ಪೌರೋಹಿತ್ಯವನ್ನು ಕೊಡದಿದ್ದ ನಿಯಮವು ೧೯೭೮ರವರೆಗೂ ನಡೆಯಿತು. ಇವುಗಳ ಮೇಲೆ ಅನ್ಯರು ಬೇಕಾದಷ್ಟು ಬರೆದಿದ್ದಾರೆ. ನಮ್ಮ ವಿಷಯ ಬೇರೆ.

ಪ್ರತ್ಯಕ್ಷ, ಅನುಮಾನ, ಶಬ್ದ ಎಂದು ಪ್ರಮಾಣಗಳನ್ನು ವಿಂಗಡಿಸುವುದನ್ನು ನಾವು ಪಾಠಶಾಲೆಯಲ್ಲಿ ಕಲಿತೆವು. ಕಣ್ಣಿಗೆ ಕಾಣದ, ಊಹೆಗೆ ಎಟುಕದ ವಿಷಯದಲ್ಲಿ ಮಾತ್ರ ಶಬ್ದವು ಪ್ರಮಾಣವೆಂದು ಮೀಮಾಂಸಕರು ಬೇಲಿ ಹಾಕಿಕೊಂಡರು. ವೇದದಲ್ಲಿ ಕಥೆ ಬಂದಲ್ಲಿ ಅದನ್ನು ಅರ್ಥವಾದವೆಂದರು. ವಿಧಿಯನ್ನು ಹೊಗಳುವುದಕ್ಕೆ ಬಂದ ಮಾತೇ ಹೊರತು ನಡೆದ ಸಂಗತಿಯ ವರದಿಯಲ್ಲವೆಂದರು. ಅವರ ಜಾಣತನವನ್ನು ನಾವು ಎಷ್ಟೋ ವರ್ಷ ಕೇವಲ ತರ್ಕದ ಕಸರತ್ತೆಂದು ಓದಿದ್ದೆವು. ಮಾರ್ಮನ್ನರ ಕಥೆಯನ್ನು ತಿಳಿದ ಮೇಲೆ ಅದರ ಬೆಲೆ ಹೆಚ್ಚಾಗಿ ಕಂಡಿತು. ಏಕೆಂದರೆ ಈ ಮತದ ಗ್ರಂಥವು ತಾನು ಇತಿಹಾಸವೆಂದೇ ಹೇಳಿಕೊಂಡು ಬಂದಿದೆ. ಇಂಥ ಕುಲದವರು ಇಂಥ ಕಾಲದಲ್ಲಿ ಇಂಥ ಖಂಡದಲ್ಲಿ ಕುದುರೆಗಳನ್ನು ಸಾಕಿದರು, ರಥಗಳನ್ನು ಇಟ್ಟುಕೊಂಡಿದ್ದರು, ಗೋಧಿಯನ್ನು ಬೆಳೆದರು, ಉಕ್ಕಿನ ಕತ್ತಿಗಳನ್ನು ಮಾಡಿದರು ಎಂದು ಅದರಲ್ಲಿದೆ. ಹೀಗೆ ಹೇಳಿದೊಡನೆ ಶಬ್ದವು ತನ್ನ ಬೇಲಿಯನ್ನು ದಾಟಿ ಪ್ರತ್ಯಕ್ಷದ ನ್ಯಾಯಸ್ಥಾನದಲ್ಲಿ ತಾನಾಗಿಯೇ ಬಂದು ನಿಂತಂತಾಯಿತು. ಅಮೆರಿಕಾ ಖಂಡದ ಕುದುರೆಗಳಾದರೋ ಸುಮಾರು ಹತ್ತುಸಾವಿರ ವರ್ಷಗಳ ಹಿಂದೆಯೇ ಅಳಿದು, ಸ್ಪೇನಿನವರು ಹಡಗಿನಲ್ಲಿ ತರುವವರೆಗೆ ಅಲ್ಲಿ ಇರಲಿಲ್ಲವೆಂಬುದು ಶಾಸ್ತ್ರಜ್ಞರ ನಿರ್ಣಯ.

ಈ ತೊಡಕು ಮತದೊಳಗಿನವರಿಗೆ ಕಾಣದೆ ಇರಲಿಲ್ಲ. ೧೯೨೧ರಲ್ಲಿ ಹೊರಗಿನವನೊಬ್ಬನು ಕೇಳಿದ ಐದು ಪ್ರಶ್ನೆಗಳು ಬಿ. ಎಚ್. ರಾಬರ್ಟ್ಸ್ ಎಂಬ ಹಿರಿಯ ಧರ್ಮಾಧಿಕಾರಿಯ ಕೈಗೆ ಬಂದವು. ಒಂದು ಕುಟುಂಬದಿಂದ ಹುಟ್ಟಿದವರಲ್ಲಿ ಇಷ್ಟು ಅಲ್ಪಕಾಲದಲ್ಲಿ ಇಷ್ಟೊಂದು ಭಾಷೆಗಳು ಹೇಗಾದವು? ಕುದುರೆ ಎಲ್ಲಿಂದ ಬಂತು? ಉಕ್ಕು ಎಲ್ಲಿತ್ತು? ರೇಷ್ಮೆ ಎಲ್ಲಿತ್ತು? ಇಂಥವು. ರಾಬರ್ಟ್ಸನು ಮತದ ಪರವಾಗಿ ಬಹು ವರ್ಷ ವಾದಿಸಿದ್ದ ಪಂಡಿತ. ಅವನು ಉತ್ತರಗಳನ್ನು ಹುಡುಕುತ್ತ ಹೋದಂತೆಲ್ಲ ಪ್ರಶ್ನೆಗಳೇ ಬೆಳೆದು, ನೂರನಲವತ್ತೊಂದು ಪುಟಗಳ ಬರಹವಾಯಿತು. ೧೯೨೨ರ ಜನವರಿಯಲ್ಲಿ ಅದನ್ನು ಮತದ ಅಗ್ರನಾಯಕರ ಮುಂದಿಟ್ಟನು. ಅವರು ಕೇಳಿ, ಒಬ್ಬೊಬ್ಬರಾಗಿ ಎದ್ದು, ಗ್ರಂಥವು ಸತ್ಯವೆಂದು ತಮ್ಮ ಅಂತರಂಗಕ್ಕೆ ತಿಳಿದಿದೆಯೆಂದು ಸಾಕ್ಷ್ಯ ನುಡಿದರು. ಕುದುರೆಯ ವಿಷಯ ಹಾಗೆಯೇ ಉಳಿಯಿತು. ರಾಬರ್ಟ್ಸನು ನಿರಾಶನಾದನಾದರೂ ಬಹಿರಂಗದಲ್ಲಿ ಕೊನೆಯವರೆಗೆ ಮತವನ್ನೇ ಎತ್ತಿ ಹಿಡಿದು ೧೯೩೩ರಲ್ಲಿ ತೀರಿಕೊಂಡನು. ಆ ಬರಹಗಳು ಅಚ್ಚಾದುದು ೧೯೮೫ರಲ್ಲಿ. ಸಂದೇಹಗಳನ್ನು ಅಷ್ಟು ದೀರ್ಘಕಾಲ ಪೆಟ್ಟಿಗೆಯಲ್ಲಿಟ್ಟಿದ್ದರಿಂದ ಅವು ಕರಗಲಿಲ್ಲ.

ಈಗ ವಕೀಲನ ಕಥೆ. ಥಾಮಸ್ ಸ್ಟುವರ್ಟ್ ಫರ್ಗುಸನ್ ೧೯೧೫ರಲ್ಲಿ ಹುಟ್ಟಿ, ಕ್ಯಾಲಿಫೋರ್ನಿಯಾದಲ್ಲಿ ಕಾನೂನು ಕಲಿತು, ಅಲ್ಲಿಯೇ ವಕೀಲಿ ಮಾಡಿಕೊಂಡಿದ್ದವನು. ಮತದಲ್ಲಿ ದೃಢವಾದ ಶ್ರದ್ಧೆ. ಜೊತೆಗೆ ವಕೀಲನಿಗೆ ಸಹಜವಾದಂತೆ ದಾಖಲೆಯನ್ನು ತಂದು ಮುಂದಿಡಬೇಕೆಂಬ ಹಟ. ಲೋಕದ ದಿವ್ಯವಾಣಿಗಳಲ್ಲಿ ಭೌತಿಕ ಸಾಕ್ಷ್ಯದಿಂದ ಪರೀಕ್ಷಿಸಬಹುದಾದುದು ಮಾರ್ಮನ್ನನ ಗ್ರಂಥವೊಂದೇ ಎಂಬುದು ಅವನ ಹೆಮ್ಮೆಯಾಗಿತ್ತು. ವಾಚಕರು ಈ ಮಾತನ್ನು ಗಮನಿಸಬೇಕು. ಪರೀಕ್ಷೆಗೆ ಕರೆದವನು ವಿರೋಧಿಯಲ್ಲ, ಭಕ್ತನೇ. ೧೯೪೬ರಲ್ಲಿ ಮೆಕ್ಸಿಕೋ ದೇಶಕ್ಕೆ ಹೋಗಿ ಹಳೆಯ ಪಟ್ಟಣಗಳ ಹಾಳುಗಳನ್ನು ನೋಡಿಬಂದನು; ೧೯೫೦ರಲ್ಲಿ ಮತಾಧಿಕಾರಿಯೊಬ್ಬನೊಡನೆ ಸೇರಿ ಗ್ರಂಥವೊಂದನ್ನು ಬರೆದನು; ೧೯೫೨ರಲ್ಲಿ ‘ನ್ಯೂ ವರ್ಲ್ಡ್ ಆರ್ಕಿಯಲಾಜಿಕಲ್ ಫೌಂಡೇಷನ್’ ಎಂಬ ಪ್ರಾಕ್ತನ ವಿಮರ್ಶೆಯ ಸಂಸ್ಥೆಯನ್ನು ಹುಟ್ಟುಹಾಕಿದನು. ಮತದ ಅಧ್ಯಕ್ಷನಾಗಿದ್ದ ಡೇವಿಡ್ ಮೆಕೇಯನ್ನು ಒಪ್ಪಿಸಿ ಮೊದಲು ೧೫,೦೦೦ ಡಾಲರುಗಳನ್ನೂ, ೧೯೫೫ರಲ್ಲಿ ೨,೦೦,೦೦೦ ಡಾಲರುಗಳನ್ನೂ ಪಡೆದನು. ಮೆಕ್ಸಿಕೋ ದೇಶದ ಚಿಯಾಪಾಸ್ ಪ್ರಾಂತದಲ್ಲಿ ಅಗೆತವು ನಡೆಯಿತು.

ಅವನು ಎದುರುನೋಡುತ್ತಿದ್ದುದು ಏನನ್ನೆಂಬುದು ನಮ್ಮವರಿಗೆ ಮಸ್ಕಿಯ ಉದಾಹರಣೆಯಿಂದ ಚೆನ್ನಾಗಿ ತಿಳಿದೀತು. ಶಾಸನಗಳ ದೇವಾನಾಂಪ್ರಿಯನೇ ಸಿಂಹಳದ ಪುರಾತನ ಗ್ರಂಥಗಳ ಅಶೋಕನೆಂದು ವಿದ್ವಾಂಸರು ಬಹುಕಾಲ ಅನುಮಾನದಿಂದ ಹೇಳುತ್ತಿದ್ದರಷ್ಟೆ. ೧೯೧೫ರಲ್ಲಿ ರಾಯಚೂರು ಜಿಲ್ಲೆಯ ಮಸ್ಕಿಯ ಬಂಡೆಯ ಮೇಲೆ ಅಶೋಕನೆಂಬ ಹೆಸರೇ ಸಿಕ್ಕಿ, ಗ್ರಂಥವೂ ಕಲ್ಲೂ ಕೈಹಿಡಿದವು. ಅಂಥ ಒಂದು ಕಲ್ಲು ಫರ್ಗುಸನ್ನನಿಗೆ ಬೇಕಾಗಿತ್ತು. ನೀಫೈ ಎಂಬ ಹೆಸರು, ಒಂದು ಹೀಬ್ರೂ ಅಕ್ಷರ, ಈಜಿಪ್ಟಿನ ಲಿಪಿಯ ಒಂದು ಸಾಲು, ಗಾಡಿಯ ಕೀಲು, ಕುದುರೆಯ ಎಲುಬು: ಯಾವುದಾದರೂ ಆಗಬಹುದಾಗಿತ್ತು. ಗುದ್ದಲಿಗಳಿಗೆ ಸಿಕ್ಕಿದುವು ಮಡಕೆಗಳು, ದಿಬ್ಬಗಳು, ಗೋರಿಗಳು, ಮೆಕ್ಕೆಜೋಳದ ಬೇಸಾಯದ ಗುರುತುಗಳು. ಆ ದೇಶದ ಪ್ರಾಚೀನ ಜನರ ಬಾಳನ್ನು ತಿಳಿಯುವುದಕ್ಕೆ ಇವು ಅಮೂಲ್ಯವಾದುವು. ಅಗೆತವನ್ನು ನಡೆಸಿದವರು ನಿಷ್ಠಾವಂತ ಪಂಡಿತರಾಗಿದ್ದು, ಸಿಕ್ಕಿದುದನ್ನು ಸಿಕ್ಕಿದಂತೆಯೇ ಬರೆದರು, ಮತಗ್ರಂಥಕ್ಕೆ ಹೊಂದಿಸಿ ಬರೆಯಲಿಲ್ಲ; ಆದಕಾರಣ ಮತಕ್ಕೆ ಸೇರದ ವಿದ್ವಾಂಸರೂ ಆ ವರದಿಗಳನ್ನು ಗೌರವಿಸುತ್ತಾರೆ. ಸಂಸ್ಥೆಗೆ ಹಣ ಕೊಟ್ಟವರನ್ನೂ ಈ ಒಂದು ವಿಷಯದಲ್ಲಿ ನಾವು ಹೊಗಳಬೇಕು. ಆದರೆ ಫರ್ಗುಸನ್ನನ ಕಲ್ಲು ಸಿಗಲಿಲ್ಲ.

ಅಗೆತವೊಂದೇ ಆಗಿದ್ದರೆ ಅವನು ಇನ್ನೂ ಕಾಯುತ್ತಿದ್ದನೋ ಏನೋ. ಇನ್ನೂ ಒಂದು ಗುಳಿ, ಇನ್ನೂ ಒಂದು ವರ್ಷ, ಎಂದು ಆಸೆಯು ಹೇಳುತ್ತಲೇ ಇರುತ್ತದೆ. ಪೆಟ್ಟು ಬಂದುದು ಬೇರೆ ದಿಕ್ಕಿನಿಂದ. ೧೮೩೫ರಲ್ಲಿ ಓಹಾಯೋ ಸಂಸ್ಥಾನದ ಕರ್ಟ್ಲೆಂಡಿಗೆ ಪ್ರದರ್ಶನಕಾರನೊಬ್ಬನು ಈಜಿಪ್ಟಿನ ನಾಲ್ಕು ‘ಮಮ್ಮಿ’ಗಳನ್ನೂ, ಅಂದರೆ ಕೆಡದಂತೆ ಸುತ್ತಿಟ್ಟ ಹೆಣಗಳನ್ನೂ, ಅವುಗಳೊಡನೆ ಇದ್ದ ಜೊಂಡಿನ ಹಾಳೆಯ ಸುರುಳಿಗಳನ್ನೂ ತಂದಿದ್ದನು. ಸ್ಮಿತ್ತನೂ ಅವನ ಕಡೆಯವರೂ ಅವನ್ನು ೨,೪೦೦ ಡಾಲರಿಗೆ ಕೊಂಡರು. ಒಂದು ಸುರುಳಿಯು ಮೂಲಪುರುಷನಾದ ಅಬ್ರಹಾಮನೇ ಬರೆದುದೆಂದು ಸ್ಮಿತ್ತನು ಹೇಳಿ, ಅದರ ಭಾಷಾಂತರವೆಂದು ‘ಅಬ್ರಹಾಮನ ಗ್ರಂಥ’ವನ್ನು ೧೮೪೨ರಲ್ಲಿ ಚಿತ್ರಗಳೊಡನೆ ಪ್ರಕಟಿಸಿದನು. ಫ್ರಾನ್ಸಿನ ಶಾಂಪೊಲಿಯೋನನು ೧೮೨೨ರಲ್ಲಿಯೇ ಈಜಿಪ್ಟಿನ ಲಿಪಿಯ ಬೀಗವನ್ನು ತೆರೆದಿದ್ದನಾದರೂ, ಓಹಾಯೋ ಸಂಸ್ಥಾನದಲ್ಲಿ ಅದನ್ನು ಓದಬಲ್ಲವರು ಆಗ ಎಲ್ಲಿ? ಸ್ಮಿತ್ತನ ಮರಣಾನಂತರ ಸುರುಳಿಗಳು ಕೈಯಿಂದ ಕೈಗೆ ಹೋಗಿ, ೧೮೭೧ರ ಷಿಕಾಗೋ ನಗರದ ಮಹಾಗ್ನಿಯಲ್ಲಿ ಸುಟ್ಟುಹೋದವೆಂದು ಎಲ್ಲರೂ ತಿಳಿದಿದ್ದರು. ೧೮೮೦ರಲ್ಲಿ ಆ ಭಾಷಾಂತರಕ್ಕೆ ಮತದ ಪ್ರಮಾಣಗ್ರಂಥಗಳಲ್ಲಿ ಸ್ಥಾನ ದೊರೆಯಿತು.

ಸುರುಳಿಗಳಲ್ಲಿ ಕೆಲವು ಸುಟ್ಟಿರಲಿಲ್ಲ. ೧೯೬೬ರಲ್ಲಿ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ವಸ್ತುಸಂಗ್ರಹಾಲಯದಲ್ಲಿ ಅಜೀಜ್ ಅತಿಯ ಎಂಬ ಪ್ರಾಧ್ಯಾಪಕನು ಹನ್ನೊಂದು ತುಣುಕುಗಳನ್ನು ಗುರುತಿಸಿದನು. ೧೯೬೭ರ ನವೆಂಬರಿನಲ್ಲಿ ಅವು ಮತದವರ ವಶವಾದವು. ಪ್ರಕಟಿತ ಚಿತ್ರಗಳಲ್ಲಿ ಮೊದಲನೆಯದರ ಮೂಲವೂ ಅವುಗಳಲ್ಲಿತ್ತು. ಫರ್ಗುಸನ್ನನು ಮತದೊಳಗಿನವರ ಅಭಿಪ್ರಾಯಕ್ಕೆ ಕಾಯಲಿಲ್ಲ. ತಾನು ಓದಿದ ಬರ್ಕ್ಲಿ ವಿಶ್ವವಿದ್ಯಾಲಯದ ಈಜಿಪ್ಟ್ ಪಂಡಿತರಿಗೆ ಛಾಯಾಚಿತ್ರಗಳನ್ನು ಕೊಟ್ಟು ಓದಿಸಿದನು. ಅವು ಸತ್ತವರ ಪರಲೋಕಯಾತ್ರೆಗಾಗಿ ಹೆಣದೊಡನೆ ಇಡುತ್ತಿದ್ದ ಮಂತ್ರಗಳ ಹಾಳೆಗಳೆಂದು ಉತ್ತರ ಬಂದಿತು. ಇತರ ವಿದ್ವಾಂಸರೂ ಹಾಗೆಯೇ ಓದಿದರು. ಹೋರ್ ಎಂಬ ಅರ್ಚಕನಿಗಾಗಿ ಬರೆದ ಹಾಳೆಯದು, ಅಬ್ರಹಾಮನ ಕಾಲಕ್ಕಿಂತ ಸಾವಿರಕ್ಕೂ ಹೆಚ್ಚು ವರ್ಷ ಈಚಿನದು, ಅಬ್ರಹಾಮನ ಹೆಸರೇ ಅದರಲ್ಲಿಲ್ಲ. ನಮ್ಮ ರೀತಿಯಲ್ಲಿ ಹೇಳುವುದಾದರೆ, ಗ್ರಂಥಲಿಪಿಯ ಓಲೆಯೊಂದನ್ನು ಹಿಡಿದು ಇದು ವಿಶ್ವಾಮಿತ್ರರು ಸ್ವಹಸ್ತದಿಂದ ಬರೆದ ಆತ್ಮಚರಿತ್ರೆಯೆಂದು ಊರಿಗೆಲ್ಲ ಓದಿ ಹೇಳಿದ ಮೇಲೆ, ಲಿಪಿ ಬಲ್ಲವನೊಬ್ಬನು ಬಂದು ನೋಡಿ, ಅದು ಯಾರದೋ ಮನೆಯ ಶ್ರಾದ್ಧವಿಧಿಯ ಓಲೆಯೆಂದಂತಾಯಿತು.

ಇಲ್ಲಿ ವಕೀಲನ ಮನಸ್ಸು ಹೇಗೆ ಓಡಿತೆಂಬುದನ್ನು ಊಹಿಸುವುದು ಕಷ್ಟವಲ್ಲ. ಚಿನ್ನದ ತಗಡುಗಳು ಯಾರ ಕಣ್ಣಿಗೂ ಈಗ ಸಿಕ್ಕುವಂತಿಲ್ಲ. ಆ ಭಾಷಾಂತರವನ್ನು ಮೂಲದೊಡನೆ ಒಪ್ಪಿಟ್ಟು ನೋಡುವ ದಾರಿಯಿಲ್ಲ. ಒಪ್ಪಿಟ್ಟು ನೋಡಬಹುದಾದುದು ಈ ಒಂದೇ ಒಂದು. ಅದರಲ್ಲಿ ಸಾಕ್ಷಿಯ ಮಾತು ಸುಳ್ಳಾದರೆ, ನೋಡಲಾರದ ಇನ್ನೊಂದರಲ್ಲಿ ಅದೇ ಸಾಕ್ಷಿಯನ್ನು ನಂಬುವುದು ಹೇಗೆ? ಆಪ್ತನ ವಾಕ್ಯವು ಪ್ರಮಾಣ. ಆದರೆ ಅವನು ಆಪ್ತನೆಂಬುದನ್ನು ಮೊದಲು ತಿಳಿಯಬೇಕಲ್ಲವೆ? ೧೯೭೦ರ ಡಿಸೆಂಬರಿನಲ್ಲಿ ಫರ್ಗುಸನ್ನನು ಸಾಲ್ಟ್ ಲೇಕ್ ಪಟ್ಟಣದಲ್ಲಿ ತಮ್ಮ ಮನೆಗೆ ಬಂದು, ಜೋಸೆಫ್ ಸ್ಮಿತ್ತನ ಪ್ರವಾದಿತ್ವದಲ್ಲಿ ತನಗೆ ನಂಬಿಕೆ ಹೋಯಿತೆಂದು ಹೇಳಿದನೆಂದು, ಮತವನ್ನು ಬಿಟ್ಟು ಅದನ್ನು ಖಂಡಿಸುತ್ತಿದ್ದ ಟ್ಯಾನರ್ ದಂಪತಿಗಳು ಬರೆದಿದ್ದಾರೆ. ೧೯೭೫ರಲ್ಲಿ ವಿದ್ವದ್ಗೋಷ್ಠಿಯೊಂದಕ್ಕಾಗಿ ಬರೆದ ಲೇಖನದಲ್ಲಿ ಅವನೇ ಬೆಳೆ, ಪ್ರಾಣಿ, ಲೋಹ, ಲಿಪಿ ಎಂದು ಒಂದೊಂದನ್ನೂ ಎತ್ತಿಕೊಂಡು, ಗ್ರಂಥದಲ್ಲಿ ಹೇಳಿರುವುದಕ್ಕೆ ನೆಲದಲ್ಲಿ ಸಾಕ್ಷ್ಯ ಸಿಕ್ಕಲಿಲ್ಲವೆಂದು ಲೆಕ್ಕ ಒಪ್ಪಿಸಿದನು. ಇಪ್ಪತ್ತೈದು ವರ್ಷ ಒಂದು ಪಕ್ಷಕ್ಕಾಗಿ ವಾದಿಸಿದವನು ಆ ಪಕ್ಷದ ವಿರುದ್ಧ ತಾನೇ ತೀರ್ಪು ಬರೆದಂತಾಯಿತು. ಅವನ ಮೇಲೆ ನಮಗೆ ಗೌರವವುಂಟಾಗುವುದು ಈ ಸ್ಥಳದಲ್ಲಿ.

ಆದರೆ ಮುಂದೆ ಅವನು ಮಾಡಿದುದು ಏನು? ಮತವನ್ನು ಬಿಡಲಿಲ್ಲ. ಎಂದಿನಂತೆ ಪ್ರಾರ್ಥನಾಸಭೆಗೆ ಹೋಗುತ್ತಿದ್ದನು. ಸಂದೇಹಗ್ರಸ್ತರಾಗಿ ತನಗೆ ಬರೆದವರಿಗೆ, ಇದು ಕಲ್ಪಿತವಾದುದೇ ಆದರೂ ಇಷ್ಟು ಒಳ್ಳೆಯ ಬಂಧುವರ್ಗ ಇನ್ನೆಲ್ಲಿಯೂ ಸಿಕ್ಕದು, ಹಿತವಾದುದನ್ನು ಅನುಭವಿಸಿ, ನುಂಗಲಾಗದುದನ್ನು ಬಿಟ್ಟು, ಬಾಯಿ ಮುಚ್ಚಿಕೊಂಡು ಒಳಗೇ ಇರಿ, ಎಂಬರ್ಥದ ಸಲಹೆಯನ್ನು ಕೊಟ್ಟನು.

ಇದನ್ನು ಹೇಡಿತನವೆಂದು ಒಂದೇ ಮಾತಿನಲ್ಲಿ ತಳ್ಳಿಬಿಡಲು ನಮ್ಮ ಮನಸ್ಸು ಒಪ್ಪುವುದಿಲ್ಲ. ಈ ಮತದಲ್ಲಿ ಸಾಧಾರಣ ಪ್ರಾರ್ಥನಾಮಂದಿರಕ್ಕೆ ಯಾರು ಬೇಕಾದರೂ ಹೋಗಬಹುದು, ದೇವಾಲಯವೆಂಬುದು ಬೇರೆ. ಸತಿಪತಿಗಳನ್ನೂ ಮಕ್ಕಳನ್ನೂ ಮರಣಾನಂತರವೂ ಅಗಲದಂತೆ ಕೂಡಿಸುವ ವಿಧಿ ನಡೆಯುವುದು ದೇವಾಲಯದಲ್ಲಿ. ಅದರೊಳಕ್ಕೆ ಕಾಲಿಡಲು ರಹದಾರಿ ಬೇಕು. ರಹದಾರಿಗೆ ಮತಾಧಿಕಾರಿಗಳ ಮುಂದೆ ನಿಂತು ನಂಬಿಕೆಯುಂಟೆಂದೂ, ದಶಮಾಂಶವನ್ನು ಪೂರ್ತಿ ಒಪ್ಪಿಸಿರುವೆನೆಂದೂ ಉತ್ತರ ಕೊಡಬೇಕು. ಮಗಳ ಮದುವೆ ದೇವಾಲಯದೊಳಗೆ ನಡೆಯುತ್ತಿರುವಾಗ, ನಂಬಿಕೆ ಕಳೆದುಕೊಂಡೆನೆಂದು ನಿಜ ಹೇಳಿದ ತಂದೆಯು ಹೊರಗೆ ಕಾದು ಕುಳಿತಿರಬೇಕು. ಧಾರೆಯೆರೆಯುವ ಹೊತ್ತಿನಲ್ಲಿ ಹೆತ್ತವರನ್ನು ಚಪ್ಪರದಾಚೆ ನಿಲ್ಲಿಸುವುದನ್ನು ನಮ್ಮ ಗೃಹಿಣಿಯರು ಒಮ್ಮೆ ಊಹಿಸಿಕೊಳ್ಳಲಿ! ಮೊದಲು ಎಲ್ಲರೆದುರಿಗೆ ಲೌಕಿಕ ರೀತಿಯಲ್ಲಿ ಮದುವೆಯಾಗಿ ಬಳಿಕ ದೇವಾಲಯಕ್ಕೆ ಹೋಗೋಣವೆಂದರೆ, ಅಮೆರಿಕೆಯಲ್ಲಿ ಒಂದು ವರ್ಷ ಕಾಯಬೇಕೆಂಬ ಕಟ್ಟಳೆಯಿತ್ತು. ೨೦೧೯ರಲ್ಲಿ ಅದನ್ನು ತೆಗೆದರು. ಆ ಒಂದು ಕಟ್ಟಳೆಯಿಂದಲೇ ಎಷ್ಟು ಮಂದಿ ತಾಯಿತಂದೆಗಳು ಮನಸ್ಸಿನ ಮಾತನ್ನು ನುಂಗಿಕೊಂಡರೋ! ಸಂದೇಹಕ್ಕೆ ತೆರಬೇಕಾದ ಬೆಲೆಯನ್ನು ಮಕ್ಕಳ ಮದುವೆಯ ಮೇಲೆ ಹಾಕುವ ಮತವು ತನ್ನ ಜನರಿಂದ ನಿಜವನ್ನು ಕೇಳಲು ಅಪೇಕ್ಷಿಸುವುದಿಲ್ಲವೆಂದೇ ನಾವು ಹೇಳುವೆವು.

ಹೊರಗೆ ನಡೆದವರೂ ಉಂಟು. ಫಾನ್ ಬ್ರೋಡಿ ಎಂಬಾಕೆಯೂ ೧೯೧೫ರಲ್ಲಿಯೇ ಹುಟ್ಟಿದವಳು, ಯೂಟಾ ಸಂಸ್ಥಾನದಲ್ಲಿ. ಆಕೆಯ ತಂದೆಯು ಮತದ ಅಧಿಕಾರಿಗಳಲ್ಲೊಬ್ಬನು. ಚಿಕ್ಕಪ್ಪ ದೊಡ್ಡಪ್ಪಂದಿರಲ್ಲಿ ಒಬ್ಬನು, ಮುಂದೆ ಅಧ್ಯಕ್ಷನಾಗಿ ಫರ್ಗುಸನ್ನನ ಅಗೆತಕ್ಕೆ ಹಣ ಕೊಡಿಸಿದ ಆ ಡೇವಿಡ್ ಮೆಕೇಯೇ. ೧೯೪೫ರಲ್ಲಿ ಆಕೆ ಜೋಸೆಫ್ ಸ್ಮಿತ್ತನ ಜೀವನಚರಿತ್ರೆಯನ್ನು ಬರೆದು, ಗ್ರಂಥವು ಆ ಕಾಲದ ಅಮೆರಿಕೆಯಲ್ಲಿ ಹುಟ್ಟಿದ ಅವನ ಸ್ವಂತ ಕೃತಿಯೆಂದು ಪ್ರತಿಪಾದಿಸಿದಳು. ೧೯೪೬ರಲ್ಲಿ ಬಹಿಷ್ಕಾರವಾಯಿತು. ಆಕೆ ಮುಂದೆಯೂ ಬರೆದು, ವಿಶ್ವವಿದ್ಯಾಲಯದಲ್ಲಿ ಬೋಧಿಸಿ, ಹೆಸರು ಪಡೆದು ೧೯೮೧ರಲ್ಲಿ ತೀರಿಕೊಂಡಳು. ಲೇಖನಿಯೂ ವಿದ್ಯೆಯೂ ಬೇರೊಂದು ಊರಿನ ಸಂಸಾರವೂ ಇದ್ದುದರಿಂದ ಆಕೆಗೆ ಅದು ಸಾಧ್ಯವಾಯಿತೆಂದು ನಾವು ನೆನೆಯುತ್ತೇವೆ. ಎಲ್ಲರಿಗೂ ಅಷ್ಟು ಇರುವುದಿಲ್ಲ.

ಮತದವರು ಈಚೆಗೆ ಸ್ವಲ್ಪ ಬದಲಾಗಿದ್ದಾರೆ. ೨೦೧೩ರಿಂದ ತಾವೇ ಕೆಲವು ಪ್ರಬಂಧಗಳನ್ನು ಪ್ರಕಟಿಸಿ, ಸ್ಮಿತ್ತನು ಟೋಪಿಯೊಳಗೆ ಕಲ್ಲೊಂದನ್ನಿಟ್ಟು ಅದರಲ್ಲಿ ನೋಡುತ್ತ ಭಾಷಾಂತರವನ್ನು ಹೇಳಿ ಬರೆಸುತ್ತಿದ್ದುದನ್ನೂ, ಸಿಕ್ಕಿದ ಈಜಿಪ್ಟಿನ ತುಣುಕುಗಳ ಅಕ್ಷರಗಳು ‘ಅಬ್ರಹಾಮನ ಗ್ರಂಥ’ಕ್ಕೆ ಹೊಂದವೆಂಬುದನ್ನೂ ಒಪ್ಪಿಕೊಂಡಿದ್ದಾರೆ, ಅದು ಸಾಧಾರಣಾರ್ಥದ ಭಾಷಾಂತರವಲ್ಲದೆ ದೈವಪ್ರೇರಣೆಯಿಂದ ಬಂದುದಾಗಿರಬಹುದೆನ್ನುತ್ತಾರೆ. ಮೀಮಾಂಸಕರ ಬೇಲಿಯನ್ನು ಈಗ ಕಟ್ಟಲು ಹೊರಟಿದ್ದಾರೆ. ತಡವಾಯಿತು, ಹೊಲವನ್ನು ಅಗೆದು ನೋಡಿಯಾಗಿದೆ.

ಫರ್ಗುಸನ್ನನು ೧೯೮೩ರಲ್ಲಿ ಹಠಾತ್ತಾಗಿ ತೀರಿಕೊಂಡನು. ೧೯೮೭ರಲ್ಲಿ ಅವನ ಹಳೆಯ ಗ್ರಂಥವನ್ನು ತಿದ್ದಿ ಬೇರೆ ಹೆಸರಿನಲ್ಲಿ ಅಚ್ಚುಹಾಕಿದಾಗ, ಅದರಲ್ಲಿ ಅವನ ಶ್ರದ್ಧೆಯ ಸಾಕ್ಷ್ಯವಚನವೂ ಸೇರಿತ್ತು. ಕೊನೆಯವರೆಗೂ ನಂಬಿದ್ದನೆಂದೇ ಮನೆಯವರ ಮಾತು. ೧೯೯೬ರಲ್ಲಿ ಸ್ಟ್ಯಾನ್ ಲಾರ್ಸನ್ ಎಂಬವನು ಅವನ ಪತ್ರಗಳನ್ನು ಒಟ್ಟುಗೂಡಿಸಿ ಗ್ರಂಥವನ್ನು ಬರೆದನು. ಪತ್ರಗಳು ಬೇರೊಂದನ್ನು ಹೇಳುತ್ತವೆ. ಒಂದೇ ಮನೆಯಲ್ಲಿ ಒಂದೇ ಮೇಜಿನ ಸುತ್ತ ಉಂಡವರಿಗೆ ಒಬ್ಬ ಫರ್ಗುಸನ್ನನು ಗೊತ್ತು, ಅಂಚೆಯಲ್ಲಿ ಬಂದ ಕಾಗದಗಳನ್ನು ಓದಿದ ಅಪರಿಚಿತರಿಗೆ ಇನ್ನೊಬ್ಬನು. ಬಾಯಿ ಮುಚ್ಚಿಕೊಂಡು ಒಳಗಿರಿ ಎಂದು ಅವನು ಹೇಳಿದ ಸಲಹೆಯ ವೆಚ್ಚವನ್ನು ಲೆಕ್ಕ ಹಾಕುವವರು ಇದನ್ನೂ ಸೇರಿಸಿಕೊಳ್ಳಬೇಕೆಂದು ನಮಗೆ ತೋರುತ್ತದೆ.

ಬೆಂಗಳೂರಿನ ವಾಚಕರು ಕಡೆಯಲ್ಲಿ ಇನ್ನೊಂದನ್ನು ಕೇಳಿದ್ದಾರೆ: ಬಿಳಿಯ ಅಂಗಿ ತೊಟ್ಟ ಇಬ್ಬರು ತರುಣರು ಗ್ರಂಥದೊಡನೆ ಮನೆಗೆ ಬಂದರೆ ಏನು ಮಾಡಬೇಕು? ಕೂರಿಸಿ ಮಾತನಾಡಿಸಿ. ಊರುಮನೆ ಬಿಟ್ಟು ಎರಡು ವರ್ಷ ಹೀಗೆ ಬಾಗಿಲಿಂದ ಬಾಗಿಲಿಗೆ ಅಲೆಯುವ ಹುಡುಗರು ಅವರು. ಇಪ್ಪತ್ತರ ಆಸುಪಾಸಿನ ವಯಸ್ಸು. ಕಾಫಿಯನ್ನು ಕೊಟ್ಟು ಮುಜುಗರಪಡಿಸಬೇಡಿ. ಮಜ್ಜಿಗೆಯನ್ನೋ ನಿಂಬೆಯ ಪಾನಕವನ್ನೋ ಕೊಡಿ. ಗ್ರಂಥವನ್ನು ಕೈಗಿತ್ತರೆ ಪೀಠಿಕೆಯನ್ನು ತೆರೆದು ನೋಡಿ. ೧೯೮೧ರ ಮುದ್ರಣದಲ್ಲಿ, ಗ್ರಂಥದಲ್ಲಿ ಬರುವ ಜನರೇ ಅಮೆರಿಕೆಯ ಮೂಲನಿವಾಸಿಗಳ ಮುಖ್ಯ ಪೂರ್ವಿಕರೆಂದಿತ್ತು. ಆ ಮೂಲನಿವಾಸಿಗಳ ರಕ್ತಸಂಬಂಧವು ಏಷ್ಯಾ ಖಂಡದವರೊಡನೆಯೆಂದು ವಂಶಶಾಸ್ತ್ರಜ್ಞರು ತೋರಿಸಿದ ಮೇಲೆ, ೨೦೦೬ರಿಂದ ಅದು ‘ಪೂರ್ವಿಕರಲ್ಲಿ ಸೇರಿದವರು’ ಎಂದಾಗಿದೆ. ಈ ಪಾಠಾಂತರಕ್ಕೆ ಕಾರಣವೇನೆಂದು ಆ ತರುಣರನ್ನು ಮೆಲ್ಲನೆ ಕೇಳಿ, ಉತ್ತರವನ್ನು ನಮಗೂ ಬರೆದು ತಿಳಿಸಿರಿ.